ಪರೀಕ್ಷೆಯಲ್ಲಿ ಎಲ್ಲ ಗೊತ್ತು, ಮಷಿನ್ ಮುಂದೆ ಕನ್ನಡಕ ಹಣೆ ಮೇಲೆ. ಯಾಕೆ?

ನೀಲಿಶಾಯಿ:
ನಾನು ಒಂದು ವರ್ಕ್‌ಶಾಪಿನಲ್ಲಿ ಸೇಫ್ಟಿ ಟ್ರೈನಿಂಗ್ ಕೊಡುತ್ತೇನೆ. ಗ್ರೈಂಡಿಂಗ್ ಮಾಡುವಾಗ ಕನ್ನಡಕ ಯಾಕೆ ಹಾಕಬೇಕು, ಕಿಡಿ ಕಣ್ಣಿಗೆ ಬಿದ್ದರೆ ಏನಾಗುತ್ತದೆ, ಎಲ್ಲವನ್ನೂ ಕೆಲಸಗಾರರೇ ಹೇಳುತ್ತಾರೆ. ಕೊನೆಗೆ ಇಡುವ ಪರೀಕ್ಷೆಯಲ್ಲೂ ಪೂರ್ತಿ ಅಂಕ. ಅದೇ ಜನ ಸ್ವಲ್ಪ ಹೊತ್ತು ಬಿಟ್ಟು ಮಷಿನ್ ಮುಂದೆ ನಿಂತಾಗ ನೋಡಿದರೆ ಕನ್ನಡಕ ಹಣೆ ಮೇಲಿರುತ್ತದೆ, ನನ್ನನ್ನು ಕಂಡ ಕೂಡಲೇ ಕೆಳಗೆ ಎಳೆದುಕೊಳ್ಳುತ್ತಾರೆ. ಅಂದರೆ ಚೆನ್ನಾಗಿಯೇ ಗೊತ್ತು. ಮೇಲಿನವರು ಇನ್ನೊಂದು ಸುತ್ತು ಟ್ರೈನಿಂಗ್ ಮಾಡಿ, ಈ ಸಲ ಗಾಯದ ಫೋಟೋ ತೋರಿಸಿ ಅನ್ನುತ್ತಿದ್ದಾರೆ. ನನಗೆ ನಂಬಿಕೆ ಇಲ್ಲ. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಏನು ಬದಲಾಗುತ್ತದೆ? ಯಾರದಾದರೂ ಕಣ್ಣು ಹೋಗುವ ಮೊದಲು ಏನಾದರೂ ಮಾಡಬೇಕು.

ಸಂಜೆಬೆಳಕು:
ಶಿಸ್ತು ಇಲ್ಲ, ಅಷ್ಟೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವವರಿಗೆ ಬಾಯಿಮಾತು ಸಾಲುವುದಿಲ್ಲ. ದಂಡ ಹಾಕಿ.

ಹಳೇಉಳಿ:
ದಂಡ ಹಾಕಿದರೆ ನೀಲಿಶಾಯಿ ಬಂದಾಗ ಮಾತ್ರ ಕನ್ನಡಕ ಕೆಳಗಿಳಿಯುತ್ತದೆ. ಈಗ ಆಗುತ್ತಿರುವುದೂ ಅದೇ ಅಲ್ವಾ?

ನಾನು ತುಂಬಾ ವರ್ಷ ಗ್ರೈಂಡರ್ ಹಿಡಿದವನು, ಅದಕ್ಕೇ ಹೇಳುತ್ತೇನೆ. ಕನ್ನಡಕ ಹಣೆ ಮೇಲಿದೆ ಅಂದರೆ ಅವರು ಅದನ್ನು ತಂದಿದ್ದಾರೆ, ಹಾಕಿಕೊಂಡಿದ್ದಾರೆ, ಆಮೇಲೆ ಮೇಲಕ್ಕೆ ತಳ್ಳಿದ್ದಾರೆ. ಯಾಕೆ ತಳ್ಳಿದಿರಿ ಅಂತ ಯಾರಾದರೂ ಕೇಳಿದ್ದಾರಾ? ಮುಖ ಬೆವರುತ್ತದೆ, ಗಾಜಿನ ಒಳಗಡೆ ಮಂಜು ಕಟ್ಟುತ್ತದೆ, ಪೀಸ್ ಮೇಲೆ ಗುರುತು ಹಾಕಿದ ಗೆರೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಒರೆಸಬೇಕು ಅಂದರೆ ಮಷಿನ್ ನಿಲ್ಲಿಸಬೇಕು, ಗ್ಲೌಸ್ ಬಿಚ್ಚಬೇಕು. ಕೈಯಲ್ಲಿರುವ ಬಟ್ಟೆಗೆ ಎಣ್ಣೆ ಮೆತ್ತಿರುತ್ತದೆ, ಅದರಲ್ಲಿ ಒರೆಸಿದರೆ ಇನ್ನೂ ಹಾಳು. ಎರಡು ವಾರದಲ್ಲಿ ಗಾಜೆಲ್ಲ ಗೀರು. ಹೊಸದು ಬೇಕು ಅಂದರೆ ಸ್ಟೋರ್‌ಗೆ ಹೋಗಿ ಸಹಿ ಮಾಡಿ ಕಾಯಬೇಕು. ಕಿಡಿ ಇವತ್ತೇ ಕಣ್ಣಿಗೆ ಬೀಳುತ್ತದೆ ಅಂತ ಗ್ಯಾರಂಟಿ ಇಲ್ಲ, ಆದರೆ ಗೆರೆ ಕಾಣದಿದ್ದರೆ ಪೀಸ್ ಈಗಲೇ ಕೆಡುತ್ತದೆ. ಅವನಿಗೆ ಎರಡೂ ಗೊತ್ತು. ಎದುರಿಗಿರುವುದು ಗೆಲ್ಲುತ್ತದೆ.

ಪುಟತಿರುವು:
ಹಳೇಉಳಿ ಅವರು ಹೇಳಿದ್ದಕ್ಕೆ ಒಂದು ದೊಡ್ಡ ಉದಾಹರಣೆ ಇದೆ, ಅದೂ ಡಾಕ್ಟರುಗಳದ್ದು. ಐಸಿಯು ರೋಗಿಯ ದೊಡ್ಡ ರಕ್ತನಾಳಕ್ಕೆ ಕ್ಯಾಥೆಟರ್ ಅನ್ನುವ ತೆಳು ಕೊಳವೆ ಹಾಕುವಾಗ ಸೋಂಕು ತಗಲದ ಹಾಗೆ ಕೈ ತೊಳೆಯಬೇಕು, ಚರ್ಮವನ್ನು ಔಷಧಿಯಿಂದ ಒರೆಸಬೇಕು, ರೋಗಿಯ ಮೈಮೇಲೆ ದೊಡ್ಡ ಬಟ್ಟೆ ಹೊದಿಸಬೇಕು. ಇದು ಗೊತ್ತಿಲ್ಲದ ಡಾಕ್ಟರ್ ಇರಲಿಲ್ಲ, ಆದರೂ ಒಂದಲ್ಲ ಒಂದು ಹೆಜ್ಜೆ ತಪ್ಪುತ್ತಿತ್ತು. ಅಮೆರಿಕದಲ್ಲಿ ಪೀಟರ್ ಪ್ರೊನೊವೋಸ್ಟ್ ಅನ್ನುವ ಡಾಕ್ಟರ್ ತಂಡ ಬೇಕಾದ ಸಾಮಾನನ್ನೆಲ್ಲ ಒಂದೇ ಗಾಡಿಯಲ್ಲಿ ಇಡಿಸಿತು, ಒಂದು ಚಿಕ್ಕ ಚೆಕ್‌ಲಿಸ್ಟ್ ಕೊಟ್ಟಿತು, ಹೆಜ್ಜೆ ತಪ್ಪಿದರೆ ಡಾಕ್ಟರನ್ನೇ ತಡೆಯುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟಿತು. 2006ರಲ್ಲಿ ಪ್ರಕಟವಾದ ಮಿಷಿಗನ್ ರಾಜ್ಯದ ವರದಿಯಲ್ಲಿ ಕ್ಯಾಥೆಟರ್‌ನಿಂದ ರಕ್ತಕ್ಕೆ ತಗಲುವ ಸೋಂಕು ಮೊದಲಿಗಿಂತ ಶೇ. 66ರವರೆಗೂ ಕಡಿಮೆಯಾಗಿತ್ತು. ಗಾಡಿ ಮತ್ತು ನರ್ಸ್, ಈ ಎರಡನ್ನೂ ಗಮನಿಸಿ.

ಫೋಟೋ ತೋರಿಸಿ ಹೆದರಿಸುವ ವಿಚಾರಕ್ಕೂ ಹಳೇ ಪ್ರಯೋಗ ಇದೆ. 1965ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಟೆಟನಸ್ ಬಗ್ಗೆ ಹೆದರಿಕೆ ಹುಟ್ಟಿಸುವ ಪುಸ್ತಿಕೆ ಕೊಟ್ಟರು. ಚುಚ್ಚುಮದ್ದು ಮುಖ್ಯ ಅಂತ ಒಪ್ಪಿದವರು ಹೆಚ್ಚಿದರು, ಹೋಗಿ ಹಾಕಿಸಿಕೊಂಡವರು ಶೇ. 3 ಮಾತ್ರ. ಪುಸ್ತಿಕೆಯ ಜೊತೆ ಕ್ಲಿನಿಕ್ ಗುರುತು ಮಾಡಿದ ನಕ್ಷೆ ಕೊಟ್ಟು, ನಿಮ್ಮ ವಾರದಲ್ಲಿ ಯಾವಾಗ ಬಿಡುವಿದೆ ನೋಡಿಕೊಳ್ಳಿ ಅಂದಾಗ ಅದು ಶೇ. 28 ಆಯಿತು.

ಸಂಜೆಬೆಳಕು:
ಓದಿದೆ. ಮಂಜು ಕಟ್ಟುವುದು ಒಪ್ಪುವ ಮಾತು. ಆದರೆ ಒಳ್ಳೆ ಕನ್ನಡಕ ಕೊಟ್ಟ ಮೇಲೂ ಹಾಕದವರು ಇದ್ದೇ ಇರುತ್ತಾರೆ.

ಪುಟತಿರುವು:
ಇರುತ್ತಾರೆ. ಆಗ ಟಾರ್ಗೆಟ್ ಎಷ್ಟಿದೆ, ಅದನ್ನು ಮುಟ್ಟುವ ಅವಸರ ಎಷ್ಟಿದೆ ನೋಡಬೇಕು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಮನೋವಿಜ್ಞಾನಿಗಳು ಪಾದ್ರಿಯಾಗಲು ಓದುತ್ತಿದ್ದವರನ್ನು ಪ್ರವಚನ ಕೊಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದಿದ್ದ. ಸಮಯ ಇದ್ದವರಲ್ಲಿ ಶೇ. 63 ಜನ ನೆರವಾದರು. ತಡವಾಯಿತು ಅಂತ ಓಡಿಸಿದವರಲ್ಲಿ ಶೇ. 10. ಅವರಲ್ಲಿ ಅರ್ಧ ಜನ ಮಾತಾಡಲು ಹೊರಟಿದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯ ಬಗ್ಗೆ! ಅವರನ್ನು ಕೆಟ್ಟವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಿಂದಿನಿಂದ ಯಾರೋ ಓಡಿಸುತ್ತಿದ್ದರು.

ನೀಲಿಶಾಯಿ:
ಇವತ್ತು ಹೋಗಿ ಕೇಳಿದೆ. ಹೆಚ್ಚಿನವರು ಹೇಳಿದ್ದು ಮಂಜಿನ ಬಗ್ಗೆಯೇ. ಒಬ್ಬರು ಮಾತ್ರ, "ಸೂಪರ್‌ವೈಸರೇ ಹಾಕಲ್ಲ, ನನಗ್ಯಾಕೆ ಹೇಳ್ತೀರಿ ಸಾರ್?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೇಉಳಿ:
ಹಾಗಾದರೆ ಸೂಪರ್‌ವೈಸರ್‌ನಿಂದಲೇ ಶುರು ಮಾಡಿ. ಮಂಜು ಹಿಡಿಯದ ಲೇಪ ಇರುವ ಕನ್ನಡಕ ಬರುತ್ತವೆ, ಮೊದಲು ನಾಲ್ಕೇ ತರಿಸಿ, ಯಾವುದು ಒಳ್ಳೆಯದು ಅಂತ ಅವರೇ ಹಾಕಿ ನೋಡಿ ಹೇಳಲಿ. ಪ್ರತಿ ಮಷಿನ್ ಪಕ್ಕ ಒಂದು ಕೊಕ್ಕೆ, ಒಂದು ಸ್ವಚ್ಛ ಬಟ್ಟೆ. ಗೀರು ಬಿದ್ದದ್ದನ್ನು ಕೊಟ್ಟರೆ ಸಹಿ ಇಲ್ಲದೆ ಹೊಸದು ಸಿಗಬೇಕು. ಮೇಲಿನವರು ದುಡ್ಡಿಲ್ಲ ಅಂದರೆ ಆ ಇನ್ನೊಂದು ಸುತ್ತು ಟ್ರೈನಿಂಗ್‌ಗೆ ಇಟ್ಟ ದುಡ್ಡನ್ನೇ ಕೇಳಿ.