ಸಮಕಾಲೀನ ನೃತ್ಯ ನಮ್ಮದೇ, ಎರವಲೇ?

ಪ್ರಶ್ನೆ: ನೃತ್ಯ ವಿದ್ಯಾರ್ಥಿನಿ, ಚಿಂತಾಮಣಿ

ಹನ್ನೊಂದು ವರ್ಷ ಭರತನಾಟ್ಯ ಕಲಿತ ನಾನು ಈಗ ವಾರಕ್ಕೆರಡು ದಿನ ಬೆಂಗಳೂರಿಗೆ ಹೋಗಿ ಸಮಕಾಲೀನ ನೃತ್ಯವನ್ನು ಅಭ್ಯಾಸ ಮಾಡುತ್ತಿದ್ದೇನೆ. ಗೆಜ್ಜೆಯಿಲ್ಲ, ಸಾಹಿತ್ಯವಿಲ್ಲ, ನೆಲದ ಮೇಲೆ ಉರುಳುವುದೂ ಪಾಠವೇ. ಇದು ಪಶ್ಚಿಮದ ಅನುಕರಣೆ, ನಮ್ಮ ಸಂಸ್ಕೃತಿಯದಲ್ಲ ಎಂದು ನಮ್ಮ ತಾತ ನೊಂದುಕೊಳ್ಳುತ್ತಾರೆ. ಅವರನ್ನು ನೋಯಿಸದೆ ಏನು ಉತ್ತರ ಹೇಳಲಿ?

ಉತ್ತರ: ನಿವೃತ್ತ ಅಧ್ಯಾಪಕ, ಕೋಲಾರ

ನಿಮ್ಮ ತಾತನವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಇತಿಹಾಸ ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. 1923ರಲ್ಲಿ ಲಂಡನ್ನಿನಲ್ಲಿ ರಷ್ಯದ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರೊಡನೆ ಕುಣಿದ ನಮ್ಮ ನೃತ್ಯಗಾರ ಉದಯಶಂಕರ್ ಅಲ್ಲಿ ಚಿತ್ರಕಲೆಯನ್ನು ಓದಲು ಹೋದವರು. ಮುಂದೆ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ನೃತ್ಯ ಕೇಂದ್ರ ತೆರೆದಾಗ ಪಾಠ ಹೇಳಲು ಕರೆಸಿದ್ದು ಕಥಕ್ಕಳಿಯ ಶಂಕರನ್ ನಂಬೂದಿರಿ, ಭರತನಾಟ್ಯದ ಕಂದಪ್ಪ ಪಿಳ್ಳೈ ಅವರಂಥ ಗುರುಗಳನ್ನು. ಹೊರಗಿನ ರಂಗವನ್ನು ಕಂಡು ಬಂದ ಕಣ್ಣು ನಮ್ಮ ಗುರುಗಳನ್ನೇ ಹುಡುಕಿತು. ಯುದ್ಧಕಾಲದ ಹಣದ ಮುಗ್ಗಟ್ಟಿನಲ್ಲಿ ಆ ಕೇಂದ್ರ ಕೆಲವೇ ವರ್ಷಗಳಲ್ಲಿ ಮುಚ್ಚಿಹೋದದ್ದು ನಮ್ಮ ದೊಡ್ಡ ನಷ್ಟವೆಂದೇ ನಾನು ತಿಳಿದಿದ್ದೇನೆ.

ಇನ್ನೊಂದನ್ನೂ ತಾತನವರಿಗೆ ಹೇಳಿ. ದೇವದಾಸಿಯರು ಉಳಿಸಿಕೊಂಡು ಬಂದಿದ್ದ ಸದಿರ್ ಎಂಬ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಸಭಾಭವನಗಳನ್ನು ಏರಿದ್ದು 1930ರ ದಶಕದಲ್ಲಿ. ಅದನ್ನು ಕಲಿಸುವ ಮದ್ರಾಸಿನ ಕಲಾಶಾಲೆ ಕಲಾಕ್ಷೇತ್ರ ಸ್ಥಾಪನೆಯಾದದ್ದು 1936ರಲ್ಲಿ. ಇಂದು ನಾವು ಪುರಾತನವೆಂದು ನೋಡುವ ರಂಗರೂಪವೂ ಒಂದು ಕಾಲದ ಹೊಸ ಕಟ್ಟಡವೇ.

ಉತ್ತರ: ಭರತನಾಟ್ಯ ಶಿಕ್ಷಕಿ, ತುಮಕೂರು

ಮೇಷ್ಟ್ರ ಮಾತಿಗೆ ದೇಹದ ಕಡೆಯಿಂದ ಒಂದನ್ನು ಸೇರಿಸುತ್ತೇನೆ. ಎಲ್ಲಪ್ಪ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತ ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ ‘ಅಂಗಿಕ’ ಎಂಬ ನೃತ್ಯಕೃತಿಯಲ್ಲಿ ಅದನ್ನು ಕೇರಳದ ಸಮರಕಲೆ ಕಳರಿಪಯಟ್ಟು ಮತ್ತು ಯೋಗದ ಜೊತೆಗಿಟ್ಟು, ದೇವರ ಕಥೆಯನ್ನು ಬದಿಗೆ ಸರಿಸಿ, ಬೆನ್ನುಹುರಿಯ ಬಲ ಎಲ್ಲಿಂದ ಹುಟ್ಟುತ್ತದೆಂದು ಹುಡುಕಿದರು. ಅವರು ಮಂಡಿ ಬಾಗಿಸಿ ನಿಲ್ಲುವ ಭರತನಾಟ್ಯದ ಅರಮಂಡಿಯನ್ನು ಬಿಡಲಿಲ್ಲ, ಅದರ ಅಲಂಕಾರವನ್ನು ಬಿಟ್ಟರು. ಬೆಂಗಳೂರಿನಲ್ಲಿ 1992ರಲ್ಲಿ ಆರಂಭವಾದ ಸಮಕಾಲೀನ ನೃತ್ಯಸಂಸ್ಥೆ ಅಟ್ಟಕ್ಕಳರಿಯೂ ನಮ್ಮ ದೇಹವಿದ್ಯೆಗಳನ್ನು ಹೊಸ ತರಬೇತಿಯೊಂದಿಗೆ ಬೆಸೆಯಿತು.

ಆದರೆ ತಾತನವರ ಆತಂಕ ಬರಿಯ ಹಠವಲ್ಲ. ಪರದೇಶದ ಚಲನೆಗಳನ್ನು ವಿಡಿಯೊದಲ್ಲಿ ನೋಡಿ ಹಾಗೇ ಒಪ್ಪಿಸುವ ಪ್ರದರ್ಶನಗಳನ್ನು ನಾನೂ ಕಂಡಿದ್ದೇನೆ. ಅಲ್ಲಿ ಕುಣಿಯುವವರ ಸ್ವಂತ ಪ್ರಶ್ನೆಯೇ ಇರುವುದಿಲ್ಲ.

ಉತ್ತರ: ತಮಟೆ ಕಲಿಯುತ್ತಿರುವವನು, ಚಿಕ್ಕಬಳ್ಳಾಪುರ

ಶಾಸ್ತ್ರೀಯ ಮತ್ತು ಪಶ್ಚಿಮ ಎಂಬ ಎರಡೇ ಬಾಗಿಲುಗಳ ನಡುವೆ ಈ ಚರ್ಚೆ ನಿಂತಿರುವುದು ನನಗೆ ಬೇಸರ ತರಿಸುತ್ತದೆ. ನಿಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೆ. ಬೆಂಕಿಯಲ್ಲಿ ಕಾಯಿಸಿದ ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಬಾರಿಸುವವನೇ ಬಾಗುತ್ತಾನೆ, ತಿರುಗುತ್ತಾನೆ, ಹೆಜ್ಜೆ ಹಾಕುತ್ತಾನೆ. ವಾದಕನೂ ನರ್ತಕನೂ ಒಂದೇ ದೇಹ. ರಾಷ್ಟ್ರದ ನೃತ್ಯವೆಂದು ಬರೆಯುವಾಗ ಈ ದೇಹವನ್ನು ಮೆರವಣಿಗೆಯ ಮುಂದಕ್ಕಷ್ಟೇ ಕರೆದು, ಪಾಠಶಾಲೆಯ ಒಳಗೆ ಗುರುವಾಗಿ ಕೂರಿಸದಿರುವುದು ಅನ್ಯಾಯ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ನಮ್ಮ ಊರಿನ ಜಾತ್ರೆಯಲ್ಲಿ ತಮಟೆ ಕೇಳಿದರೆ ತಾತನ ಕಾಲು ತಾನಾಗಿಯೇ ತಾಳ ಹಾಕುತ್ತದೆ. ಅವರನ್ನು ಒಪ್ಪಿಸುವ ಮೊದಲು ಆ ವರಸೆಗಳನ್ನು ನಾನು ಕಲಿಯಬೇಕು. ಚಿಕ್ಕಬಳ್ಳಾಪುರದವರೇ, ಹೆಣ್ಣುಮಕ್ಕಳಿಗೂ ನಿಮ್ಮ ಗುರುಗಳು ಹೇಳಿಕೊಡುತ್ತಾರೆಯೇ?