ಬ್ಯಾನಕ್‌ಬರ್ನ್ ಕದನ: ಅಷ್ಟು ಕುದುರೆಗಳಿದ್ದೂ ಇಂಗ್ಲಿಷರು ಸೋತದ್ದು ಹೇಗೆ?

ಪ್ರಶ್ನೆ: ವಿಜಯಪುರದ ಮಾಸ್ತರ

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ರಕ್ಕಸಗಿ–ತಂಗಡಗಿ ಕದನದ ಪಾಠ ಮುಗಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಸಣ್ಣ ಸೈನ್ಯ ದೊಡ್ಡ ಸೈನ್ಯವನ್ನು ಎದುರಾಎದುರು ನಿಂತು ಸೋಲಿಸಿದ್ದು ಎಲ್ಲಿಯಾದರೂ ಇದೆಯೇ?" ಎಂದು ಕೇಳಿದಳು. ಬ್ಯಾನಕ್‌ಬರ್ನ್ ಎಂದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆ ಇಂಗ್ಲಿಷರ ವಶದಲ್ಲಿತ್ತು. ಮುತ್ತಿಗೆ ಹಾಕಿದ್ದ, ಸ್ಕಾಟರ ದೊರೆಯ ತಮ್ಮ ಎಡ್ವರ್ಡ್ ಬ್ರೂಸ್‌ಗೂ ಕೋಟೆ ಕಾಯುತ್ತಿದ್ದ ಫಿಲಿಪ್ ಮೌಬ್ರೆಗೂ ಒಂದು ಕರಾರಾಯಿತು: 1314ರ ಜೂನ್ 24ರೊಳಗೆ ಇಂಗ್ಲೆಂಡಿನ ಸೈನ್ಯ ನೆರವಿಗೆ ಬಾರದಿದ್ದರೆ ಕೋಟೆ ಸ್ಕಾಟರಿಗೆ. ಇಂಗ್ಲೆಂಡಿನ ದೊರೆ ಎರಡನೆಯ ಎಡ್ವರ್ಡ್ ಗಡುವಿನ ಹಿಂದಿನ ದಿನ ಬಂದು ತಲುಪಿದ. ಸ್ಕಾಟರ ದೊರೆ ರಾಬರ್ಟ್ ಬ್ರೂಸ್‌ನ ಬಳಿ ಇದ್ದುದಕ್ಕಿಂತ ಅವನ ಸೈನ್ಯ ಎರಡು ಪಟ್ಟಾದರೂ ಇತ್ತು. ಅದರಲ್ಲಿ ಉಕ್ಕಿನ ಕವಚ ತೊಟ್ಟ ಕುದುರೆ ಸವಾರರ ದೊಡ್ಡ ದಂಡೇ ಇತ್ತು. ಆದರೂ ಮರುದಿನ ಸೋತು ಓಡಿದ.

"ನಡೆದು ಬಂದವರು ಕುದುರೆ ಏರಿ ಬಂದವರನ್ನು ಹೇಗೆ ಸೋಲಿಸಿದರು?" ಎಂದು ಅವಳು ಮತ್ತೆ ಕೇಳಿದಳು. ನೆಲ ಜವುಗಾಗಿತ್ತು ಎಂದೆ. ಅವಳಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಬಲ್ಲವರು ಬಿಡಿಸಿ ಹೇಳಬೇಕು.

ಉತ್ತರ: ಡೋಣಿ ದಂಡೆಯ ರೈತ

ಮಾಸ್ತರರೇ, ಆ ಊರನ್ನು ನಾನು ಕಂಡವನಲ್ಲ. ಈ ಕದನದ ಬಗ್ಗೆ ಮಾತ್ರ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಯಾಕೆಂದರೆ ಮೊದಲ ಸಲ ಓದಿದಾಗಲೇ ಅದು ನಮ್ಮ ಹೊಲದಲ್ಲಿ ನಡೆದಂತೆ ಅನಿಸಿತು. ಬರ್ನ್ ಎಂದರೆ ಸ್ಕಾಟರ ಮಾತಿನಲ್ಲಿ ಹಳ್ಳ. ಬ್ಯಾನಕ್ ಹಳ್ಳ ಹರಿದು ಫೋರ್ತ್ ನದಿಯನ್ನು ಸೇರುವ ತಗ್ಗು ಪ್ರದೇಶ ಅದು; ನದಿ ತಂದು ಹಾಕಿದ ಮೆಕ್ಕಲು ಮಣ್ಣು, ನಡುನಡುವೆ ನಿಂತ ನೀರು.

ನಮ್ಮದು ಎರೆ ಹೊಲ. ನಾನು ಹತ್ತು ವರ್ಷದವನಿದ್ದಾಗ ಡೋಣಿ ಉಕ್ಕಿ ಹೊಲಕ್ಕೆ ನುಗ್ಗಿತ್ತು. ನೀರು ಇಳಿದು ನಾಲ್ಕು ದಿನ ಬಿಸಿಲು ಬಿದ್ದಿತು, ಮೇಲ್ಮಣ್ಣು ಆರಿದಂತೆ ಕಂಡಿತು. ಅಪ್ಪ ಚಕ್ಕಡಿ ಹೂಡಿದ. ಹೊಲದ ನಡುವೆ ಬಂದಾಗ ಬಲಗಡೆಯ ಎತ್ತಿನ ಮುಂಗಾಲು ಮೊಣಕಾಲಿನವರೆಗೆ ಇಳಿಯಿತು. ಅದು ಮಿಸುಕಿದಷ್ಟೂ ಹೂತುಕೊಂಡಿತು, ಎಡಗಡೆಯ ಎತ್ತು ಬೆದರಿ ನೊಗವನ್ನು ಜಗ್ಗಿತು, ಚಕ್ಕಡಿ ವಾಲಿತು. ಅಪ್ಪ ಮತ್ತು ಚಿಕ್ಕಪ್ಪ ಬರಿಗಾಲಿನಲ್ಲಿ ಅದೇ ಮಣ್ಣಿನ ಮೇಲೆ ಓಡಾಡಿ ಹಗ್ಗ ಬಿಚ್ಚಿದರು. ಮನುಷ್ಯನನ್ನು ಹೊರುವ ನೆಲ ಭಾರ ಹೊತ್ತ ದನವನ್ನು ಹೊರುವುದಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಕವಚ ತೊಟ್ಟ ಸವಾರನನ್ನು ಹೊತ್ತ ಕುದುರೆಯ ಪಾಡೂ ಅದೇ.

ಬ್ರೂಸ್ ಇದನ್ನು ಬಲ್ಲವನು. ಗಟ್ಟಿ ನೆಲದ ದಾರಿಯ ಆಚೀಚೆ ಗುಂಡಿ ತೋಡಿಸಿ, ಮೇಲೆ ಕಾಣದಂತೆ ಮುಚ್ಚಿಸಿದ್ದ. ಮೊದಲ ದಿನ ಆ ದಾರಿಯಲ್ಲಿ ಇಂಗ್ಲಿಷರ ಕೆಲಸ ಕೆಟ್ಟಿತು. ಹೆನ್ರಿ ಡಿ ಬೋಹನ್ ಎಂಬ ಸವಾರ ಈಟಿ ಹಿಡಿದು ಒಬ್ಬನೇ ಬ್ರೂಸ್‌ನ ಮೇಲೆ ನುಗ್ಗಿದಾಗ ಬ್ರೂಸ್ ಪಕ್ಕಕ್ಕೆ ಸರಿದು ಕೊಡಲಿಯಿಂದ ತಲೆ ಸೀಳಿದ. ಹೊಡೆತಕ್ಕೆ ಕೊಡಲಿಯ ಕಾವೇ ಮುರಿಯಿತು. ಸಂಜೆ ಇಂಗ್ಲಿಷರು ಕುದುರೆಗಳಿಗೆ ನೀರು ಸಿಗಲೆಂದು ಹಳ್ಳ ದಾಟಿ ಆ ತಗ್ಗಿನಲ್ಲಿ ತಂಗಿದರು. ಸುತ್ತಲಿನ ಮನೆಗಳ ಬಾಗಿಲುಗಳನ್ನು ಕಿತ್ತು ತಂದು ನೀರಿನ ಮೇಲೆ ಹಾಸಿಕೊಂಡು ದಾಟಿದರಂತೆ. ಸುಮಾರು ಅರವತ್ತು ವರ್ಷಗಳ ನಂತರ ಕಟ್ಟಿದ ಸ್ಕಾಟಿಷ್ ಕಾವ್ಯವೊಂದು ಹೀಗೆ ಹೇಳುತ್ತದೆ. ನೆಲ ಎಂಥದು ಎಂದು ತಿಳಿಯಲು ಆ ಬಾಗಿಲುಗಳಷ್ಟೇ ಸಾಕು. ರಾತ್ರಿ ದಾಳಿಯ ಭಯದಿಂದ ನಿದ್ದೆಯೂ ಇಲ್ಲ. ಎಡಕ್ಕೊಂದು ಹಳ್ಳ, ಬಲಕ್ಕೊಂದು ಹಳ್ಳ, ಹಿಂದೆ ನದಿ. ಅಂಥ ಜಾಗದಲ್ಲಿ ನಾನು ದನಗಳನ್ನು ಕೂಡ ಕಟ್ಟುವವನಲ್ಲ.

ಉತ್ತರ: ಬೆಳಗಾವಿಯ ನಿವೃತ್ತ ಸೈನಿಕ

ರೈತರ ಮಾತು ಒಪ್ಪುತ್ತೇನೆ. ಆದರೆ ಕೆಸರೊಂದೇ ಗೆಲ್ಲಿಸಿತು ಎಂದರೆ ಆ ಈಟಿಯವರಿಗೆ ಅನ್ಯಾಯವಾಗುತ್ತದೆ. ನಾನು 17 ವರ್ಷ ಪದಾತಿ ದಳದಲ್ಲಿದ್ದವನು.

ಸ್ಕಾಟರ ವ್ಯೂಹಕ್ಕೆ ಶಿಲ್ಟ್ರಾನ್ ಎಂದು ಹೆಸರು. ನೂರಾರು ಜನ ಭುಜಕ್ಕೆ ಭುಜ ಹಚ್ಚಿ ಉದ್ದನೆಯ ಈಟಿಗಳನ್ನು ಹೊರಕ್ಕೆ ಚಾಚಿ ನಿಲ್ಲುತ್ತಾರೆ. ಇದೇ ವ್ಯೂಹ 1298ರಲ್ಲಿ ಫಾಲ್ಕರ್ಕ್‌ನಲ್ಲಿ ಸೋತಿತ್ತು. ವಿಲಿಯಂ ವಾಲೆಸ್‌ನ ಜನ ನಿಂತಲ್ಲೇ ನಿಂತಿದ್ದರು. ಇಂಗ್ಲಿಷರ ಬಿಲ್ಲುಗಾರರು ದೂರದಿಂದಲೇ ಹೊಡೆದು ಕೆಡವಿ, ತೆರವಾದ ಜಾಗಕ್ಕೆ ಕುದುರೆ ನುಗ್ಗಿಸಿದರು. ಬ್ರೂಸ್ ಈ ಪಾಠ ಕಲಿತು, ಟಾರ್‌ವುಡ್ ಕಾಡಿನಲ್ಲಿ ತನ್ನವರಿಗೆ ತಾಲೀಮು ಕೊಟ್ಟ. 24ರ ಬೆಳಗ್ಗೆ ಅವನ ಶಿಲ್ಟ್ರಾನ್‌ಗಳು ನಿಲ್ಲಲಿಲ್ಲ, ಮುಂದೆ ನಡೆದು ಬಂದವು. ಇದರ ಕಷ್ಟ ಕವಾಯತು ಮಾಡಿದವರಿಗೆ ಗೊತ್ತು. ಮಟ್ಟಸವಾದ ಮೈದಾನದಲ್ಲಿ ಬರಿಗೈಯಲ್ಲಿ ಮೂವತ್ತು ಜನ ಸಾಲು ಕೆಡದಂತೆ ನಡೆಯುವುದನ್ನು ಕಲಿಯಲು ನಮಗೆ ತಿಂಗಳುಗಳು ಬೇಕಾದವು. ಕೈಯಲ್ಲಿ ಈಟಿ, ಎದುರಿಗೆ ಕುದುರೆ, ಒಬ್ಬ ಎಡವಿದರೆ ಗೋಡೆಯಲ್ಲಿ ಬಾಗಿಲು ತೆರೆದಂತೆ.

ಇಂಗ್ಲಿಷರಿಗೆ ಹರಡಿಕೊಳ್ಳಲು ಜಾಗವಿರಲಿಲ್ಲ. ಬಿಲ್ಲುಗಾರರು ಹಿಂದೆ ಸಿಕ್ಕಿಬಿದ್ದರು. ಬಾಣ ಬಿಟ್ಟರೆ ತಮ್ಮವರ ಬೆನ್ನಿಗೇ. ಒಂದಷ್ಟು ಜನ ಪಕ್ಕಕ್ಕೆ ಸರಿದು ಹೊಡೆಯತೊಡಗಿದಾಗ ಸ್ಕಾಟರ ಕಡೆಯ ರಾಬರ್ಟ್ ಕೀತ್ ಹಗುರ ಕುದುರೆಗಳೊಂದಿಗೆ ನುಗ್ಗಿ ಅವರನ್ನು ಚದುರಿಸಿದ. ಇಡೀ ಕದನದಲ್ಲಿ ನಾನು ಎದ್ದು ನಿಂತು ಗೌರವಿಸುವ ಕೆಲಸ ಅದು.

ಇಂಗ್ಲಿಷರ ದೊಡ್ಡ ಸರದಾರ, ಗ್ಲೋಸ್ಟರಿನ ಅರ್ಲ್‌ನ ವಿಷಯವನ್ನೂ ಮಕ್ಕಳಿಗೆ ಹೇಳಿ. 23 ವರ್ಷದ ಹುಡುಗ. ಸೈನ್ಯ ದಣಿದಿದೆ, ಒಂದು ದಿನ ವಿಶ್ರಾಂತಿ ಕೊಡೋಣ ಎಂದು ದೊರೆಗೆ ಸರಿಯಾದ ಸಲಹೆಯನ್ನೇ ಕೊಟ್ಟಿದ್ದ. ದೊರೆ ಅವನನ್ನು ದ್ರೋಹಿಯೆಂದು ಹಂಗಿಸಿದ. ಆ ಮಾತಿನ ಉರಿಯಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿ ಈಟಿಗಳಿಗೆ ಸಿಕ್ಕು ಸತ್ತ. ಮೇಲಧಿಕಾರಿಯ ಇಂಥ ಒಂದು ಮಾತಿಗೆ ಜವಾನರು ಬೆಲೆ ತೆರುವುದನ್ನು ನಾನೂ ನೋಡಿದ್ದೇನೆ, ಹೆಚ್ಚು ಬರೆಯಲಾರೆ.

ಉತ್ತರ: ಬೈಲಹೊಂಗಲದಿಂದ ಒಬ್ಬ ತಾಯಿ

ಅಣ್ಣನವರೇ, ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಪ್ರಶ್ನೆ ಕೇಳಿದವಳು ಹುಡುಗಿ. ಅವಳಿಗೆ ಎಲಿಜಬೆತ್ ಡಿ ಬರ್ಗ್ ಹೆಸರನ್ನೂ ಹೇಳಿರಿ.

ಎಲಿಜಬೆತ್ ಬ್ರೂಸ್‌ನ ಹೆಂಡತಿ. 1306ರಲ್ಲಿ ಇಂಗ್ಲಿಷರ ಸೆರೆಗೆ ಬಿದ್ದಳು. ಬ್ರೂಸ್‌ನ ಮಗಳು ಮಾರ್ಜರಿಯೂ ಸೆರೆಯಾದಳು, ಆಗಿನ್ನೂ ಎಳೆಯ ಹುಡುಗಿ. ಅವನ ತಂಗಿ ಮೇರಿಯನ್ನು ರಾಕ್ಸ್‌ಬರ್ಗ್ ಕೋಟೆಯಲ್ಲಿ ಪಂಜರದಲ್ಲಿಟ್ಟರು. ಎಂಟು ವರ್ಷ ಹೆಂಡತಿ, ಮಗಳು ಶತ್ರುವಿನ ಕೈಯಲ್ಲಿರುವಾಗಲೇ ಆ ಮನುಷ್ಯ ಹೋರಾಡಿದ. ಕದನ ಮುಗಿದ ಮೇಲೆ ಹೆರ್‌ಫರ್ಡ್‌ನ ಅರ್ಲ್ ಸೆರೆ ಸಿಕ್ಕ. ಅವನನ್ನು ಬಿಟ್ಟುಕೊಟ್ಟು ಬ್ರೂಸ್ ತನ್ನ ಮನೆಯ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡ. ನನ್ನ ಮಟ್ಟಿಗೆ ಕದನ ಮುಗಿದದ್ದು ಆ ದಿನ.

ಇದನ್ನು ಓದುವಾಗ ನನಗೆ ನಮ್ಮ ಚೆನ್ನಮ್ಮ ತಾಯಿ ಕಣ್ಣ ಮುಂದೆ ಬರುತ್ತಾಳೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ, ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆ ಸಿಕ್ಕರು. ಮಾತುಕತೆಯನ್ನು ನಂಬಿ ರಾಣಿ ಅವರನ್ನು ಬಿಟ್ಟಳು. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ನಮ್ಮೂರಿನ ಕೋಟೆಯಲ್ಲಿ ಸೆರೆಯಾಗಿದ್ದು, 1829ರ ಫೆಬ್ರವರಿ 2ರಂದು ತೀರಿಕೊಂಡಳು. ಬಿಡಿಸಿಕೊಳ್ಳಲು ಅವಳ ಕಡೆಯವರ ಬಳಿ ಒಬ್ಬ ಸೆರೆಯಾಳೂ ಉಳಿದಿರಲಿಲ್ಲ. ಅವಳ ಸಮಾಧಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮರುಉತ್ತರ: ವಿಜಯಪುರದ ಮಾಸ್ತರ

ಮೂವರಿಗೂ ಕೈ ಮುಗಿಯುತ್ತೇನೆ. ಇಂದು ಹಲಗೆಯ ಮೇಲೆ ಎರಡು ಹಳ್ಳ ಬರೆದೆ. ಆಮೇಲೆ ಶಾಲೆಯ ಅಂಗಳದಲ್ಲಿ ಇಪ್ಪತ್ತು ಮಕ್ಕಳನ್ನು ಭುಜಕ್ಕೆ ಭುಜ ನಿಲ್ಲಿಸಿ ನಡೆಸಿದೆ. ಹತ್ತು ಹೆಜ್ಜೆಗೆ ಸಾಲು ಒಡೆಯಿತು. ಎಲಿಜಬೆತ್‌ಳ ವಿಷಯ ಹೇಳುವಾಗ ತರಗತಿ ಸದ್ದಿಲ್ಲದೆ ಕೇಳಿತು. ಹುಡುಗಿಯ ಹೊಸ ಪ್ರಶ್ನೆ: ಸೋತ ದೊರೆ ಹತ್ತಿರದಲ್ಲೇ ಇದ್ದ ತನ್ನದೇ ಕೋಟೆಯೊಳಗೆ ಏಕೆ ಹೋಗಲಿಲ್ಲ?

ಉತ್ತರ: ಬೆಳಗಾವಿಯ ನಿವೃತ್ತ ಸೈನಿಕ

ಹೋಗಿದ್ದ, ಸರ್. ಮೌಬ್ರೆ ಒಳಗೆ ಬಿಡಲಿಲ್ಲ. ನೆರವಿನ ಸೈನ್ಯ ಸೋತ ಮೇಲೆ ಕರಾರಿನಂತೆ ಕೋಟೆಯನ್ನು ಒಪ್ಪಿಸಬೇಕು, ಒಳಗಿದ್ದರೆ ದೊರೆಯೂ ಸೆರೆಯಾಗುತ್ತಾನೆ. ಆದ್ದರಿಂದ ಎಡ್ವರ್ಡ್ ದನ್‌ಬಾರ್‌ವರೆಗೆ ಕುದುರೆ ಓಡಿಸಿದ, ಬ್ರೂಸ್‌ನ ಸೇನಾನಿ ಜೇಮ್ಸ್ ಡಗ್ಲಾಸ್ ಬೆನ್ನು ಬಿಡಲಿಲ್ಲ. ಅಲ್ಲಿ ದೋಣಿ ಹತ್ತಿ ಪಾರಾದ. ಮೌಬ್ರೆ ಕೋಟೆಯನ್ನು ಒಪ್ಪಿಸಿದ. ಬ್ರೂಸ್ ಅದನ್ನು ಇಟ್ಟುಕೊಳ್ಳಲಿಲ್ಲ. ಇಂಗ್ಲಿಷರು ಮತ್ತೆ ಬಂದು ಕೂರಬಾರದೆಂದು ಗೋಡೆಗಳನ್ನು ಕೆಡವಿಸಿದ.