ಫೀಡಿಗೆ ಡಿ3 ಸೇರಿಸಬೇಕಾ? ಗುಂಪಿನ ಪ್ರಶ್ನೋತ್ತರ

ಒಳನಾಡು ಮೀನು ಸಾಕಣೆ ಗುಂಪು. ಇಂದಿನ ವಿಷಯ: ಮೀನಿನ ಫೀಡಿನಲ್ಲಿ ವಿಟಮಿನ್ ಡಿ (ಡಿ3 ಅದರ ಒಂದು ರೂಪ). ಕೇಳುವವರನ್ನು ಅವರ ಊರಿನ ಹೆಸರಿನಿಂದ ಗುರುತಿಸಿದೆ. ಉತ್ತರ ಕೊಡುವವರು ಮೀನು ಪೋಷಣೆ ತಜ್ಞೆ.

ಮದ್ದೂರು: ಮೇಡಂ ನಮಸ್ಕಾರ. 10,000 ಲೀಟರಿನ ಬಯೋಫ್ಲಾಕ್ ಟ್ಯಾಂಕಿನಲ್ಲಿ (ಸೂಕ್ಷ್ಮಜೀವಿಗಳಿಂದ ನೀರು ಶುದ್ಧವಾಗೋ ಟ್ಯಾಂಕ್) ಗಿಫ್ಟ್ ಅನ್ನೋ ಸುಧಾರಿತ ತಳಿಯ ತಿಲಾಪಿಯಾ ಇದೆ, 30 ಗ್ರಾಂ ಆಸುಪಾಸು. ಮೂರು ವಾರದಿಂದ ಮೀನುಗಳ ಬೆನ್ನು ಸೊಟ್ಟಗಾಗ್ತಿದೆ, ನೂರಕ್ಕೆ ಐದಾರು. ಟ್ಯಾಂಕ್ ಶೆಡ್ಡಿನೊಳಗಿದೆ, ಬಿಸಿಲಿಲ್ಲ. ಡಿ ಕೊರತೇನಾ?

ತಜ್ಞೆ: ಫೀಡ್ ತಂದು ಎಷ್ಟು ದಿನವಾಯಿತು? ಚೀಲ ಎಲ್ಲಿಟ್ಟಿದ್ದೀರಿ? ಪಕ್ಕದ ಗದ್ದೆಗೆ ಕೀಟನಾಶಕ ಹೊಡೆದಿದ್ದಾರಾ?

ಹೊಸಪೇಟೆ: ಶೆಡ್ಡಿನ ಶೀಟ್ ತೆಗೆಸ್ರಿ ಸಾಕು. ಬಿಸಿಲು ಬಿದ್ರೆ ಡಿ ತಾನಾಗೇ ಬರುತ್ತೆ.

ತಜ್ಞೆ: ಬರುವುದಿಲ್ಲ. ನಮ್ಮ ಚರ್ಮದ ಹಾಗೆ ಮೀನಿನ ಚರ್ಮ ಬಿಸಿಲಿನಿಂದ ಬೇಕಾದಷ್ಟು ಡಿ ಮಾಡಿಕೊಳ್ಳುವುದಿಲ್ಲ, ತಿಂದೇ ಪಡೆಯಬೇಕು. ಕೆರೆಯಲ್ಲಿ ಪ್ಲಾಂಕ್ಟನ್‌ನಿಂದ (ನೀರಲ್ಲಿ ತೇಲುವ ಸಣ್ಣ ಜೀವಿಗಳಿಂದ) ಸಿಗುತ್ತದೆ. ಟ್ಯಾಂಕಿನಲ್ಲಿ ಫೀಡನ್ನೇ ನಂಬಬೇಕು.

ಮದ್ದೂರು: ಚೀಲ ತಂದು ಐದು ತಿಂಗಳು. ತಗಡಿನ ಕೋಣೇಲಿ, ನೆಲದ ಮೇಲಿದೆ. ಬೋರ್ ನೀರು, ಔಷಧಿ ಯಾರೂ ಹೊಡೆದಿಲ್ಲ.

ತಜ್ಞೆ: ಹಾಗಾದರೆ ನನ್ನ ಅನುಮಾನ ಡಿ ಮೇಲಲ್ಲ, ವಿಟಮಿನ್ ಸಿ ಮೇಲೆ. ಮೀನು ಕ್ಯಾಲ್ಸಿಯಂ ಅನ್ನು ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಡಿ ಕಡಿಮೆಯಾದರೆ ಮಕ್ಕಳ ಕಾಲು ಬಾಗಿದಂತೆ ಮೀನಿನ ಬೆನ್ನು ಬಾಗಬೇಕೆಂದಿಲ್ಲ. ಟ್ರೌಟ್ ಎಂಬ ತಣ್ಣೀರಿನ ಮೀನಿನಲ್ಲಿ ಡಿ ಕೊರತೆಯಿಂದ ಕಂಡದ್ದು ಬೆಳವಣಿಗೆ ಕುಂಠಿತ, ಬಿಳಿ ಮಾಂಸಖಂಡದ ಸೆಡೆತ. ಸಿ ಇಲ್ಲದಿದ್ದರೆ ಮೂಳೆಯ ಕೊಲಾಜನ್ (ಮೂಳೆಗೆ ಬಲ ಕೊಡುವ ನಾರು) ಕಟ್ಟುವುದಿಲ್ಲ, ಬೆನ್ನುಮೂಳೆ ಮುರಿದು ಬಾಗುತ್ತದೆ. ತಗಡಿನ ಕಾವಿಗೆ ಐದು ತಿಂಗಳಲ್ಲಿ ಸಿ ಬಹುಪಾಲು ಹೋಗಿರಬಹುದು. ಹೆಚ್ಚು ಬಾಗಿದ ಒಂದು ಮೀನನ್ನು ಬೆನ್ನುದ್ದಕ್ಕೆ ಸೀಳಿ, ಬಾಗಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ನೋಡಿ ಹೇಳಿ.

ಕುಂದಾಪುರ: ಮೇಡಂ, ವನಾಮಿ ಸಿಗಡಿಗೆ ಡಿ3 ಎಷ್ಟು?

ಸಾಗರ: ಇದು ಎಲ್ಲ ಗುಂಪಲ್ಲೂ ಬರ್ತಿದೆ: "ಮೆಡಿಕಲ್ ಶಾಪಿನ 60,000 ಐಯು ಡಿ3 ಪೊಟ್ಟಣ, ಕೆಜಿ ಫೀಡಿಗೆ ಒಂದು, 7 ದಿನ. ಸೊಟ್ಟ ಮೀನು ನೆಟ್ಟಗಾಗುತ್ತೆ." ಹಾಕಬಹುದಾ?

ತಜ್ಞೆ: ಹಾಕಬೇಡಿ! ತಿಲಾಪಿಯಾಕ್ಕೆ ಬೇಕಾದದ್ದು ಕೆಜಿ ಫೀಡಿಗೆ ಸುಮಾರು 375 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ). ಇದು ಅದರ 160 ಪಟ್ಟು. ಕ್ಯಾಟ್‌ಫಿಶ್‌ಗೆ 500 ಸಾಕು, 20,000 ಕೊಟ್ಟಾಗ ತೂಕ ಕುಗ್ಗಿದೆ. ಟ್ರೌಟ್ ಹೆಚ್ಚು ತಡೆದುಕೊಳ್ಳುತ್ತದೆ, ಆದರೆ ನಿಮ್ಮ ಟ್ಯಾಂಕಿನಲ್ಲಿರುವುದು ಟ್ರೌಟ್ ಅಲ್ಲ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲೇ ಕೂಡಿಕೊಳ್ಳುತ್ತದೆ.

ತಿಪಟೂರು: ಹಸುವಿಗೆ ಕೊಡೋ ಕ್ಯಾಲ್ಸಿಯಂ ಟಾನಿಕ್‌ನಲ್ಲೂ ಡಿ3 ಇರುತ್ತಲ್ಲ, ನೀರಿಗೆ ಸುರಿದ್ರೆ?

ತಜ್ಞೆ: ದುಡ್ಡು ದಂಡ, ನೀರು ಹೊಲಸು.

ಸಿಂಧನೂರು: ಇದೆಲ್ಲ ಟ್ಯಾಂಕಿನವ್ರ ಗೋಳು. ಹೊಂಡದಾಗ ಶೇಂಗಾ ಹಿಂಡಿ, ತೌಡು ಅರ್ಧರ್ಧ ಹಾಕ್ರಿ. ಯಾವ ವಿಟಮಿನ್ನೂ ಬ್ಯಾಡ.

ತಿಪಟೂರು: ಎಕರೆಗಟ್ಟಲೆ ಹೊಂಡ ಇರೋರ ಮಾತು. ಹತ್ತು ಸಾವಿರ ಲೀಟರಿಗೆ ಹಿಂಡಿ ಹಾಕಿದ್ರೆ ಬೆಳಗ್ಗೆ ಅಮೋನಿಯಾ ಎಷ್ಟಾಗುತ್ತೆ ಗೊತ್ತಾ?

ಸಿಂಧನೂರು: ಗೊತ್ತಿಲ್ದವ್ರಿಗೆ ಟ್ಯಾಂಕ್ ಮಾಡು ಅಂದವ್ರು ಯಾರ್ರೀ?

ತಜ್ಞೆ: ಜಗಳ ಬೇಡ. ಪ್ಲಾಂಕ್ಟನ್ ಇರುವ ಹೊಂಡದಲ್ಲಿ ಡಿ ತೊಂದರೆ ಅಪರೂಪ, ಅಷ್ಟು ಸರಿ. ಆದರೆ ಮೂಳೆಗೆ ರಂಜಕವೂ ಬೇಕು; ಹಿಂಡಿ-ತೌಡಿನ ರಂಜಕ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿರುತ್ತದೆ, ಮೀನಿಗೆ ದಕ್ಕುವುದಿಲ್ಲ. ಗೆಂಡೆಗೆ ಆಮ್ಲ ಸುರಿಸುವ ಜಠರವೇ ಇಲ್ಲ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಕೊಟ್ಟರೂ ಅರ್ಧದಷ್ಟು ವ್ಯರ್ಥ. ಮೊನೊ ಕ್ಯಾಲ್ಸಿಯಂ ಫಾಸ್ಫೇಟ್ ಕೊಡಿ.

ಮದ್ದೂರು: ಸೀಳಿ ನೋಡಿದೆ ಮೇಡಂ. ಬಾಗಿದ ಕಡೆ ಮೂಳೆ ಪಕ್ಕ ರಾಗಿ ಕಾಳಿನಷ್ಟು ಕಪ್ಪುಗೆಂಪು ಕಲೆ. ರೆಕ್ಕೆ ಬುಡದಲ್ಲೂ ಕೆಂಪು.

ತಜ್ಞೆ: ಸಿ ಕೊರತೆಯ ಲಕ್ಷಣಕ್ಕೆ ಇದು ಹೊಂದುತ್ತದೆ. ಆದರೂ ಎರಡು ಮೀನು ಐಸಿನಲ್ಲಿಟ್ಟು ಹತ್ತಿರದ ಮೀನುಗಾರಿಕೆ ಕಾಲೇಜಿಗೆ ಒಯ್ಯಿರಿ. ಕೆಲವು ಪರೋಪಜೀವಿಗಳಿಂದಲೂ ಬೆನ್ನು ಬಾಗುತ್ತದೆ. ಹಳೆಯ ಚೀಲ ಇಂದೇ ನಿಲ್ಲಿಸಿ. ಹೊಸ ಫೀಡ್ 10 ಕೆಜಿಗೆ, 35 ಪರ್ಸೆಂಟಿನ ಆಸ್ಕೋರ್ಬಿಲ್ ಪಾಲಿಫಾಸ್ಫೇಟ್ (ಬೇಗ ಕೆಡದ ರೂಪದ ವಿಟಮಿನ್ ಸಿ) 8.6 ಗ್ರಾಂ. 250 ಮಿಲಿ ನೀರಿನಲ್ಲಿ ಕಲಸಿ, ಫೀಡನ್ನು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಸಿಂಪಡಿಸಿ. ಹದಿನೈದು ನಿಮಿಷ ಬಿಟ್ಟು 100 ಮಿಲಿ ಎಣ್ಣೆ ಸವರಿ. ಎಣ್ಣೆ ಇಲ್ಲದಿದ್ದರೆ ಸಿ ನೀರಿಗೇ ಹೋಗುತ್ತದೆ. ನೆರಳಲ್ಲೇ ಒಣಗಿಸಿ, ಎರಡು ಮೂರು ದಿನಕ್ಕಾಗುವಷ್ಟೇ ಮಾಡಿ. ಚೀಲಗಳನ್ನು ಮರದ ಹಲಗೆ ಮೇಲೆ, ಗೋಡೆಯಿಂದ ದೂರ ಇಡಿ, ಮೂರು ತಿಂಗಳೊಳಗೆ ಮುಗಿಸಿ. ಡಿ ಬೇರೆ ಹಾಕಬೇಡಿ, ಕಂಪನಿ ಫೀಡಿಗೆ ಮೊದಲೇ ಬೆರೆಸುವ ವಿಟಮಿನ್ ಮಿಶ್ರಣದಲ್ಲಿ (ಪ್ರೀಮಿಕ್ಸ್) ಇರುತ್ತದೆ.

ಸಾಗರ: ನೆಲ್ಲಿಕಾಯಿ ರಸ ಆಗಲ್ವಾ? ಒಂದು ವಿಡಿಯೋದಲ್ಲಿ...

ತಜ್ಞೆ: ಆಗಲ್ಲ. ರಸದ ಸಿ ಒಣಗುವಷ್ಟರಲ್ಲೇ ಕೆಡುತ್ತದೆ.

ಹೊಸಪೇಟೆ: ಹಂಗಾದ್ರ ಡಿ3 ಪೊಟ್ಟಣ ಅರ್ಧ ಹಾಕಬಹುದಾ?

ತಜ್ಞೆ: ಮೇಲೆ ಓದಿ. ಅರ್ಧ ಹಾಕಿದರೂ 80 ಪಟ್ಟು.

ಹೊಸಪೇಟೆ: ಕೇಳಿದ್ರೆ ಹಿಂಗ್ಯಾಕ್ ಸಿಟ್ಟಾಗ್ತೀರಿ?

ತಿಪಟೂರು: ಒಂದೇ ಪ್ರಶ್ನೆ ಎಷ್ಟು ಸಲ ಕೇಳ್ತೀರಿ ಮತ್ತೆ?

ಕುಂದಾಪುರ: ಸಿಗಡಿ ಬಗ್ಗೆ ಕೇಳಿದ್ದೆ...

ಮದ್ದೂರು: ಸೊಟ್ಟಾಗಿರೋದನ್ನ ಬಿಡಲಾ, ತೆಗೀಲಾ ಮೇಡಂ?

ತಜ್ಞೆ: ತೆಗೆಯಿರಿ. ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ. ಎರಡು ವಾರ ಹೊಸದಾಗಿ ಎಷ್ಟು ಬಾಗಿದವು ಎಂದು ದಿನಾ ಎಣಿಸಿ, ಬರೆದಿಡಿ.